ನಂಜುಂಡನ್ ಟೈಪು ಮಾಡಿದ ಕಷ್ಟಗಳು

ಊಟಿಯ ಸರ್ಕಾರಿ ಕಚೇರಿಗಳಿಗೆ ಏರುವ ದಾರಿಯಲ್ಲಿ, ಝೆರಾಕ್ಸ್ ಅಂಗಡಿಗೂ ಟೀ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂರುವಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ನಂಜುಂಡನ್ ಇಪ್ಪತ್ತಾರು ವರ್ಷ ಕೂತ. ಮುಂದೊಂದು ಮಡಚುವ ಮೇಜು, ಮೇಜಿನ ಮೇಲೆ ಟೈಪ್‌ರೈಟರು, ತಲೆಯ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಜನ ಹೊತ್ತು ತಂದ ಕಷ್ಟವನ್ನು ಇಂಗ್ಲಿಷ್ ಅರ್ಜಿ ಮಾಡಿಕೊಡುವುದು ಅವನ ಕಸುಬು. ಪಟ್ಟಾ ಸಿಗದ್ದು, ಪಿಂಚಣಿ ನಿಂತದ್ದು, ಹಟ್ಟಿಗೆ ನೀರಿನ ಪೈಪು ಬಾರದ್ದು, ಫ್ಯಾಕ್ಟರಿಯವರು ಟೀ ಎಲೆಯನ್ನು ವಾಪಸು ಕಳಿಸಿದ್ದು, ಕಾಡೆಮ್ಮೆ ಬೇಲಿ ಮುರಿದದ್ದು, ಎಲ್ಲವೂ ಅವನ ಮೇಜಿಗೆ ಬರುತ್ತಿತ್ತು. ಒಳ್ಳೆಯ ಸುದ್ದಿ ಟೈಪು ಮಾಡಿಸಲು ಯಾರೂ ಬರುವುದಿಲ್ಲ ನೋಡಿ.

ತಮಿಳಿನಲ್ಲೇ ಅರ್ಜಿ ಬರೆಯಬಹುದಿತ್ತು, ಬರೆದುಕೊಡುವವರೂ ಬೇಕಾದಷ್ಟಿದ್ದರು. ಆದರೆ ಬೆಟ್ಟದ ಜನಕ್ಕೊಂದು ನಂಬಿಕೆ: ತಮಿಳಿನ ಅರ್ಜಿಯನ್ನು ಗುಮಾಸ್ತ ಓದುತ್ತಾನೆ, ಇಂಗ್ಲಿಷ್ ಅರ್ಜಿಯನ್ನು ಆಫೀಸರೇ ಓದುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಅನುಭವದಿಂದ ಗೊತ್ತಿದ್ದವರು ಸೀದಾ ದೇವರ ಭಾಷೆಯಲ್ಲೇ ಬರೆಸುತ್ತಿದ್ದರು. ಬರೆಸುವುದಕ್ಕೆ ನಂಜುಂಡನ್ ಬಳಿಗೇ ಬರುತ್ತಿದ್ದರು. ಅವನ ಇಂಗ್ಲಿಷಿನಲ್ಲಿ ತಪ್ಪು ಇರುವುದಿಲ್ಲ ಎಂಬ ಮಾತು ಸೋಲೂರಿನಿಂದ ಕುಂದಾದವರೆಗೂ ಹಬ್ಬಿತ್ತು, ಆ ಮಾತು ಸುಳ್ಳೂ ಆಗಿರಲಿಲ್ಲ.

ಈ ಇಂಗ್ಲಿಷನ್ನು ಅವನಿಗೆ ಕಲಿಸಿದವನು ಬಾಲಸುಬ್ರಮಣಿಯನ್ ಎಂಬ ಹೆಡ್ ಕ್ಲರ್ಕು. ನಂಜುಂಡನ್ ಇಪ್ಪತ್ತರ ಹರೆಯದಲ್ಲಿ ಒಂದು ಟೀ ಫ್ಯಾಕ್ಟರಿಯ ಆಫೀಸಿಗೆ ಸೇರಿದಾಗ ಆ ಮನುಷ್ಯ ಅಲ್ಲಿ ಕನ್ನಡಕದ ಮೇಲಿನಿಂದ ಜಗತ್ತನ್ನು ನೋಡಿಕೊಂಡು ಕೂತಿದ್ದ. "ಕಷ್ಟಕ್ಕೆ ಇಂಗ್ಲಿಷಿನಲ್ಲಿ ಮೆಟ್ಟಿಲುಂಟು ತಂಬಿ. ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾನೆ ನೋಡಿ, ಆಮೇಲೆ ಬರಿ" ಎನ್ನುವುದು ಅವನ ಪಾಠ. ಮೊದಲ ಮೆಟ್ಟಿಲು 'ಫೇಸಿಂಗ್ ಡಿಫಿಕಲ್ಟೀಸ್'. ಇನ್ನೂ ಕಾಲ ಮೇಲೆ ನಿಂತವನಿಗೆ ಅದು ಸಾಕು. 'ಅನೇಬಲ್ ಟು ಕೋಪ್', ಇನ್ನು ನಿಭಾಯಿಸಲಾರೆ, ಎಂದು ಬರೆಯಬೇಕಾದರೆ ಮನೆಯಲ್ಲಿ ಕಾಯಿಲೆಯೋ ಸಾವೋ ಆಗಿರಬೇಕು. 'ರನ್ನಿಂಗ್ ಫ್ರಮ್ ಪಿಲ್ಲರ್ ಟು ಪೋಸ್ಟ್' ಎನ್ನಲು ಮೂರು ಸಲವಾದರೂ ಕಚೇರಿ ಸುತ್ತಿರಬೇಕು, ಮೊದಲ ಸಲವೇ ಹಾಗೆ ಬರೆದರೆ ಅದು ಸುಳ್ಳು. 'ಓವರ್‌ಕಮ್' ಎಂಬ ಮಾತು ಅರ್ಜಿಯ ಹತ್ತಿರವೂ ಸುಳಿಯಕೂಡದು. ಕಷ್ಟ ದಾಟಿಬಿಟ್ಟವನು ಸರ್ಕಾರದ ಬಾಗಿಲಿಗೆ ಯಾಕೆ ಬಂದ? ಎಲ್ಲಕ್ಕೂ ಮೇಲಿನದು 'ಅನ್‌ಟೋಲ್ಡ್ ಹಾರ್ಡ್‌ಶಿಪ್ಸ್', ಹೇಳತೀರದ ಕಷ್ಟ. ಬಾಯಿಬಿಟ್ಟು ಹೇಳಿದರೆ ನಾಲ್ಕು ಜನರ ನಡುವೆ ತಲೆ ಎತ್ತಲಾಗದು ಎನ್ನುವಂಥದ್ದು ಏನಾದರೂ ಇದ್ದರೆ ಮಾತ್ರ ಅದನ್ನು ಹಾಕು, ಎಲ್ಲದಕ್ಕೂ ಹಾಕಿ ಸವೆಸಬೇಡ ಎಂದು ಬಾಲಸುಬ್ರಮಣಿಯನ್ ಹೇಳಿಕೊಟ್ಟಿದ್ದ. ತಪ್ಪು ಮೆಟ್ಟಿಲು ಹತ್ತಿಸಿದರೆ ಸ್ಕೇಲಿನಿಂದ ಗೆಣ್ಣಿಗೆ ಕೊಡುತ್ತಿದ್ದ.

ಫ್ಯಾಕ್ಟರಿ ಮುಚ್ಚಿತು, ಹೆಡ್ ಕ್ಲರ್ಕು ತಿರುಚ್ಚಿಗೆ ಹೋಗಿ ತೀರಿಕೊಂಡ, ಮೆಟ್ಟಿಲುಗಳು ಮಾತ್ರ ನಂಜುಂಡನ್ ಪಾಲಿಗೆ ಉಳಿದವು. ಅವನ್ನು ಅವನು ಒಂದು ಶಾಸ್ತ್ರದ ಹಾಗೆ ಪಾಲಿಸಿದ. ಬೇರೆ ಟೈಪಿಸ್ಟರು ಬೇಲಿ ಮುರಿದದ್ದಕ್ಕೂ ಹೇಳತೀರದ ಕಷ್ಟ ಎಂದು ಬಡಿದು ಕೊಡುತ್ತಿದ್ದರು. ನಂಜುಂಡನ್ ಹಾಗೆ ಮಾಡುವವನಲ್ಲ. ಗಂಡ ಬಿಟ್ಟುಹೋದವಳಿಗೆ, ಮಗ ಜೈಲಿಗೆ ಹೋದ ತಾಯಿಗೆ, ಮನೆಯಲ್ಲಿ ಏನೋ ನಡೆದು ಹಟ್ಟಿಯವರಿಗೆ ಮುಖ ತೋರಿಸಲಾಗದವರಿಗೆ ಮಾತ್ರ ಆ ಮಾತನ್ನು ತೆಗೆದಿಡುತ್ತಿದ್ದ. ಅಂಥವರು ಅಳುತ್ತಾ ಎಲ್ಲ ಹೇಳುತ್ತಿದ್ದರು, ಅವನು ಎಲ್ಲ ಕೇಳುತ್ತಿದ್ದ, ಕೊನೆಗೆ ಅದನ್ನೆಲ್ಲ ಆ ಎರಡು ಪದಗಳ ಕೆಳಗೆ ಮುಚ್ಚಿಡುತ್ತಿದ್ದ. ಅದು ಅವನು ಅವರಿಗೆ ತೋರಿಸುತ್ತಿದ್ದ ಮರ್ಯಾದೆ.

ಈ ಮುಚ್ಚಿಡುವ ಬುದ್ಧಿ ಬಾಲಸುಬ್ರಮಣಿಯನ್‌ಗಿಂತ ಮೊದಲೇ ಅವನಿಗೆ ಅಪ್ಪನಿಂದ ಬಂದಿತ್ತು. ಅವನ ಜನವಾದ ಬಡಗರಲ್ಲಿ ಯಾರಾದರೂ ಸತ್ತರೆ, ಹೆಣದ ಮುಂದೆ ಹಿರಿಯನೊಬ್ಬ ನಿಂತು ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ, ಸುತ್ತ ನಿಂತವರು ದನಿಗೂಡಿಸುತ್ತಾರೆ. ಆ ಪಟ್ಟಿ ಎಲ್ಲರಿಗೂ ಒಂದೇ. ಹಾವು ಕೊಂದ ಪಾಪ, ಗಡಿ ಸರಿಸಿದ ಪಾಪ, ಅತ್ತಿಗೆ ನಾದಿನಿಯರ ನಡುವೆ ಹುಳಿ ಹಿಂಡಿದ ಪಾಪ, ಮಾಡಿರಲಿ ಬಿಟ್ಟಿರಲಿ ಎಲ್ಲವನ್ನೂ ಹೇಳುತ್ತಾರೆ. ಸತ್ತವನು ನಿಜವಾಗಿ ಏನು ಮಾಡಿದ್ದ ಎಂಬುದು ಆ ಪಟ್ಟಿಯೊಳಗೆ ಎಲ್ಲೋ ಸೇರಿ ಕರಗಿಹೋಗುತ್ತದೆ, ಯಾವ ಮನೆಯ ಹುಳುಕೂ ಬಯಲಿಗೆ ಬೀಳುವುದಿಲ್ಲ. ಸೋಲೂರು ಸುತ್ತಿನ ಹಟ್ಟಿಗಳಲ್ಲಿ ಅದನ್ನು ಹೇಳುತ್ತಿದ್ದವನು ನಂಜುಂಡನ್‌ನ ಅಪ್ಪ. ಮಗ ಪಕ್ಕದಲ್ಲಿ ನಿಂತು ಕೇಳುತ್ತಾ ಬೆಳೆದವನು. ಅಪ್ಪ ಸತ್ತವರಿಗೆ ಮಾಡಿದ್ದನ್ನು ನಾನು ಬದುಕಿದ್ದವರಿಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಎರಡು ಸಾವಿರದ ಎರಡನೇ ಇಸವಿ ಬರುವ ಹೊತ್ತಿಗೆ ಹೆಮ್ಮೆ ಸವೆದು ಆಯಾಸ ಮಾತ್ರ ಉಳಿದಿತ್ತು. ವಯಸ್ಸು ಐವತ್ತೆಂಟು. ಬೆಳಗಿನ ಸೋಲೂರು ಬಸ್ಸಿನಲ್ಲಿ ನಿಂತು ಬಂದರೆ ಮಂಡಿ ಮಧ್ಯಾಹ್ನದವರೆಗೆ ನೋಯುತ್ತಿತ್ತು. ಎದುರುಗಡೆ ಕಂಪ್ಯೂಟರ್ ಅಂಗಡಿ ಬಂದಿತ್ತು. ಅಲ್ಲಿ ಅರ್ಜಿಯ ಮಾದರಿ ಮೊದಲೇ ತಯಾರಿರುತ್ತಿತ್ತು, ಹೆಸರು ಬದಲಾಯಿಸಿದರೆ ಮುಗಿಯಿತು. ಕೇಳಿ ಕೇಳಿ ನಂಜುಂಡನ್ ಕಿವಿಗೂ ಒಂದು ಜಡ್ಡು ಬಂದಿತ್ತು. ಯಾರಾದರೂ ಬಾಯಿ ತೆರೆದರೆ ಅರ್ಧ ಕೇಳುವಷ್ಟರಲ್ಲೇ ಮೆಟ್ಟಿಲು ಯಾವುದೆಂದು ಗೊತ್ತಾಗಿ ಬೆರಳು ಕೀಲಿಗಳ ಮೇಲೆ ಹೋಗುತ್ತಿತ್ತು. ಸಂಜೆ ಮನೆಗೆ ಬಂದು ಗೋಡೆಗೊರಗಿ ಕೂತರೆ ಹೆಂಡತಿ ಕಮಲಂ ಹೇಳಿದ ಮಾತೂ ಅರ್ಜಿಯ ಹಾಗೇ ಕೇಳಿಸುತ್ತಿತ್ತು. "ಊರೋರ ಕಷ್ಟಕ್ಕೆಲ್ಲ ಇಂಗ್ಲಿಷ್ ಹುಡುಕ್ತೀರಿ, ನನ್ನ ಕಷ್ಟಕ್ಕೆ ಒಂದು ಹೂಂ ಕೂಡ ಇಲ್ಲ" ಎಂದು ಅವಳು ಸಿಡುಕುತ್ತಿದ್ದಳು. ಅವಳು ಸಿಡುಕಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ವರ್ಷದ ಜೂನ್‌ನಲ್ಲಿ ಕೇತಿ ಬಂದಳು. ಮಸಿನಗುಡಿಯಿಂದ ಎರಡು ಮೈಲಿ ಒಳಗಿನ ಒಂದು ಪಾಡಿಯವಳು, ಅಂದರೆ ಕುರುಂಬ ಬುಡಕಟ್ಟಿನ ಹಾಡಿಯವಳು, ನಲವತ್ತರ ಸುಮಾರಿನ ಹೆಂಗಸು, ಕಾಡ್ಗಿಚ್ಚು ಹಬ್ಬದಂತೆ ಅರಣ್ಯ ಇಲಾಖೆಯ ಬೆಂಕಿ ದಾರಿ ಸವರುವ ಕೂಲಿ. ಜೊತೆಯಲ್ಲಿ ಮಗಳು ಸತ್ಯಾ. ಕಲ್ಲಟ್ಟಿ ಘಾಟಿನ ಮೂವತ್ತಾರು ತಿರುವು ಹತ್ತಿ ಬಂದ ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ನಂಜುಂಡನ್‌ನ ಅಜ್ಜಿಯ ಕಾಲದಲ್ಲಿ ಕುರುಂಬರು ಮಂತ್ರಗಾರರೆಂದು ಹೆದರಿ, ಅವರು ದಾರಿಯಲ್ಲಿ ಕಂಡರೆ ಹಟ್ಟಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರಂತೆ. ಈಗ ಕುರುಂಬರ ಹೆಂಗಸು ಬಡಗನ ಮುಂದೆ ಮಳೆಯಲ್ಲಿ ನೆನೆದು ನಿಂತಿದ್ದಳು, ಹೆದರಿದ್ದವಳು ಅವಳೇ. ನಂಜುಂಡನ್ ಟೀ ಅಂಗಡಿಯಿಂದ ಎರಡು ಸ್ಟೂಲು ತರಿಸಿ ಕೂರಿಸಿದ.

ಸತ್ಯಾ ಆ ಪಾಡಿಯಲ್ಲಿ ಹನ್ನೆರಡನೇ ತರಗತಿ ಪಾಸಾದ ಮೊದಲ ಹುಡುಗಿ. ಕೊಯಮತ್ತೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ಬುಡಕಟ್ಟಿನವರ ಪಾಲಿನ ಸೀಟಿಗೆ ಅವಳ ಹೆಸರು ಬಂದಿತ್ತು. ಆಗಸ್ಟ್ ಇಪ್ಪತ್ತರೊಳಗೆ ಜಾತಿ ಪ್ರಮಾಣಪತ್ರ ಕೊಡಬೇಕು, ಕೊಡದಿದ್ದರೆ ಸೀಟು ಪಟ್ಟಿಯಲ್ಲಿನ ಮುಂದಿನವಳಿಗೆ. ಪ್ರಮಾಣಪತ್ರ ಸಿಗದೆ ನಿಂತದ್ದು ಒಂದೇ ಕಾರಣಕ್ಕೆ. ಸತ್ಯಾಳ ಶಾಲೆಯ ದಾಖಲೆಯಲ್ಲಿ ಅವಳ ಜಾತಿ ಬೇರೆಯೇ ಇತ್ತು. ಅದು ಹೇಗಾಯಿತು ಎಂದು ವಿವರಿಸಿ ಅರ್ಜಿ ಕೊಡಿ ಎಂದು ಕಚೇರಿಯಲ್ಲಿ ಹೇಳಿ ಕಳಿಸಿದ್ದರು.

"ಏನಾಯ್ತು ಹೇಳಮ್ಮ. ಎಲ್ಲ ಹೇಳು, ಮುಚ್ಚಿಡಬೇಡ" ಎಂದ ನಂಜುಂಡನ್. ಇದು ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು.

ಕೇತಿ ಮಳೆಯಲ್ಲಿ ನೆನೆದ ಸೀರೆಯ ಅಂಚು ಹಿಂಡಿದಳು. ಆಮೇಲೆ ಮಗಳ ಕಡೆ ನೋಡದೆ ಶುರುಮಾಡಿದಳು.

"ಇವಳಪ್ಪ ಕಾಳ. ಆನೆ ಕ್ಯಾಂಪಲ್ಲಿ ಸೊಪ್ಪು ಕಡಿತಿದ್ದ. ಇವಳಿಗೆ ಆರು ವರ್ಷ ಆಗಿದ್ದಾಗ ಜ್ವರ ಬಂದು ಸತ್ತ. ನಾನು ಕೂಲಿಗೆ ಹೋದ್ರೆ ಇವಳ್ನ ನೋಡೋರಿಲ್ಲ. ಗೂಡಲೂರಲ್ಲಿ ಒಂದು ಮನೆಯೋರು, ಕೊಡು, ನಮ್ಮ ಕೈಕೂಸನ್ನ ಆಡಿಸ್ಕೊಂಡಿರ್ಲಿ, ಸ್ಕೂಲಿಗೂ ಹಾಕ್ತೀವಿ ಅಂದ್ರು. ಕೊಟ್ಟೆ. ಎರಡು ವರ್ಷ ಅಲ್ಲಿದ್ಲು ಗೌಡ್ರೆ. ಕೆಲಸದ ಮಗು ಅಂತ ಗೊತ್ತಾದ್ರೆ ಸ್ಕೂಲಲ್ಲಿ ಕೇಳ್ತಾರೆ ಅಂತ ಅವರ ಮನೆ ಮಗಳು ಅಂತ ಬರೆಸಿದ್ರು. ಜಾತೀನೂ ಅವರದ್ದೇ. ಆಮೇಲೆ ಎಲ್ಲಿ ಸೇರಿಸಿದ್ರೂ ಅದೇ ಕಾಗದ ನೋಡಿ ಬರೆದ್ರು."

ಸತ್ಯಾ ತಲೆ ತಿರುಗಿಸಿ ಅಮ್ಮನನ್ನು ನೋಡಿದಳು. ಅವಳಿಗೆ ಹೇಳಿದ್ದ ಕತೆ ಬೇರೆ.

"ಇವಳಿಗೆ ಓದೋಕೆ ಕಳಿಸಿದ್ದು ಅಂತ ಹೇಳಿದ್ದೆ" ಎಂದಳು ಕೇತಿ. "ಓದೋಕಲ್ಲ. ಕೆಲಸಕ್ಕೆ ಕೊಟ್ಟಿದ್ದು. ಕಷ್ಟಕ್ಕೆ ಕೊಟ್ಟೆ ಅಂತ ಎಲ್ರೂ ಹೇಳ್ತಾರೆ. ಕಷ್ಟ ಇತ್ತು. ಆದ್ರೆ ಇವಳ್ನ ಬಿಟ್ಟು ಬಸ್ ಹತ್ತಿದಾಗ ನನಗೆ ಹಗುರ ಆಯ್ತು. ಅದನ್ನೂ ಬರೀರಿ. ನಿಜ ಬರೆದ್ರೆ ಕೊಡ್ತಾರೆ ಅಂದ್ರು ಕಚೇರೀಲಿ."

ಹೆತ್ತ ಮಗಳ ಮುಂದೆ ಕೂತು ಇಂಥ ಮಾತು ಹೇಳಲು ಎಷ್ಟು ಎದೆಗಾರಿಕೆ ಬೇಕು ಹೇಳಿ. ನಂಜುಂಡನ್‌ಗೆ ಅದು ಗೊತ್ತಾಗಲಿಲ್ಲ ಎಂದಲ್ಲ. ಗೊತ್ತಾದ್ದರಿಂದಲೇ ಅವನು ಮಾಡಿದ್ದನ್ನು ಮಾಡಿದ. ಈ ಹೆಂಗಸು ಮಗಳನ್ನು ಕೆಲಸಕ್ಕೆ ಕೊಟ್ಟಿದ್ದು ಸರ್ಕಾರದ ಫೈಲಿಗೆ ಹೋಗಬೇಕೇ? ಗುಮಾಸ್ತರು ಓದಿ ಟೀ ಕುಡಿಯುತ್ತಾ ಆಡಿಕೊಳ್ಳಬೇಕೇ? ಹುಡುಗಿ ನಾಳೆ ನರ್ಸಾಗಿ ಇದೇ ಊಟಿಯ ಆಸ್ಪತ್ರೆಗೆ ಬಂದರೆ, ಮನೆಗೆಲಸಕ್ಕಿದ್ದವಳು ಎಂದು ಬೆರಳು ತೋರಿಸಬೇಕೇ? ಬಾಲಸುಬ್ರಮಣಿಯನ್ ಹೇಳಿದ್ದ ಮೇಲಿನ ಮೆಟ್ಟಿಲು ಇವಳಿಗಲ್ಲದೆ ಇನ್ನಾರಿಗೆ ಎಂದುಕೊಂಡ. ಕಾಗದ ಸಿಕ್ಕಿಸಿ ಟೈಪು ಮಾಡಿದ: ಕುಟುಂಬವು ಎದುರಿಸಿದ ಹೇಳತೀರದ ಕಷ್ಟಗಳ ದೆಸೆಯಿಂದ ಶಾಲೆಯ ದಾಖಲೆಯಲ್ಲಿ ವ್ಯತ್ಯಾಸ ಉಂಟಾಗಿದೆ, ದಯವಿಟ್ಟು ಮನ್ನಿಸಿ ಪ್ರಮಾಣಪತ್ರ ದಯಪಾಲಿಸಬೇಕು. ಇಂಗ್ಲಿಷಿನಲ್ಲಿ ಅದು ಒಂದು ಕಾಮಾ ಕೂಡ ತಪ್ಪದೆ ಬಂತು. ಕೇತಿಯ ಹೆಬ್ಬೆಟ್ಟು ಒತ್ತಿಸಿ, ಸತ್ಯಾಳ ಸಹಿ ಹಾಕಿಸಿ, ಯಾವ ಕೋಣೆಗೆ ಕೊಡಬೇಕೆಂದು ತೋರಿಸಿದ.

ಸತ್ಯಾ ಅದನ್ನು ಓದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳು ಕಲಿತದ್ದು ತಮಿಳು ಮಾಧ್ಯಮದಲ್ಲಿ. ಅರ್ಜಿಯ ಇಂಗ್ಲಿಷ್ ಪರೀಕ್ಷೆಯ ಇಂಗ್ಲಿಷಿಗಿಂತ ಬೇರೆ. ಅದೂ ಅಲ್ಲದೆ ಆ ಹೊತ್ತಿನಲ್ಲಿ ಅವಳ ಕಣ್ಣು ಕಾಗದದ ಮೇಲಿರಲಿಲ್ಲ.

ಅದಾದ ಮೇಲೆ ನಂಜುಂಡನ್ ಅವರನ್ನು ಮರೆತ. ದಿನಕ್ಕೆ ಏಳೆಂಟು ಅರ್ಜಿ ಮಾಡುವವನು ಎಲ್ಲರನ್ನೂ ನೆನಪಿಟ್ಟುಕೊಂಡರೆ ಬದುಕುವುದಕ್ಕಾಗದು. ಮಳೆಗಾಲ ಮುಗಿದು, ಎರಡನೇ ಮಳೆಯೂ ಬಂದು ಹೋಗಿ, ನವೆಂಬರ್‌ನ ಚಳಿ ಶುರುವಾಯಿತು. ಒಂದು ಮಧ್ಯಾಹ್ನ ಕಚೇರಿಯ ಗುಮಾಸ್ತ ಮುರುಗನ್ ಟೀ ಕುಡಿಯಲು ಬಂದವನು, ಹಾಗೇ ಮಾತಿಗೆ ಮಾತು ಬಂದು, ಆ ಫೈಲಿನ ವಿಷಯ ತೆಗೆದ.

"ನಿಮ್ಮ ಇಂಗ್ಲಿಷನ್ನ ನಮ್ಮ ಆಫೀಸರು ಹೊಗಳಿದ್ರು ಗೌಡ್ರೆ. ಆ ಮಸಿನಗುಡಿ ಹುಡುಗಿ ಅರ್ಜಿ ಇತ್ತಲ್ಲ, ಜೂನಲ್ಲಿ. ಎರಡು ಸಲ ಓದಿದ್ರು. ತಪ್ಪೇ ಇಲ್ಲ, ಚೆನ್ನಾಗಿ ಬರೆದಿದ್ದಾರೆ ಅಂದ್ರು."

"ಸಿಕ್ಕಿತಾ ಅವರಿಗೆ?"

"ಎಲ್ಲಿ ಸಿಗುತ್ತೆ? ಇಷ್ಟೆಲ್ಲಾ ಬರೆದಿದ್ದಾರೆ, ಜಾತಿ ಯಾಕೆ ಬದಲಾಯ್ತು ಅನ್ನೋ ಕಾರಣ ಎಲ್ಲಿ ಅಂತ ಕೇಳಿದ್ರು. ಈ ವರ್ಷ ಅರ್ಜಿ ರಾಶಿ ರಾಶಿ. ಕಾರಣ ಬರೆದೋರನ್ನ ಮಾತ್ರ ವಿಚಾರಣೆಗೆ ಕರೆದ್ರು. ಉಳಿದದ್ದೆಲ್ಲ ರಿಜೆಕ್ಟ್. ಮೂಲನಗರ ಕಡೆ ಇನ್ನೊಂದು ಹುಡುಗಂದು ಹೀಗೇ ಇತ್ತು, ಅವನಪ್ಪ ತಮಿಳಲ್ಲಿ ಕಾಗೆ ಕಾಲಿನ ಅಕ್ಷರದಲ್ಲಿ ನಡೆದದ್ದನ್ನ ಬರೆದಿದ್ದ. ಅವನಿಗೆ ಸಿಕ್ತು."

ಮುರುಗನ್ ಲೋಟ ಇಟ್ಟು ಹೋದ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ್ದ. ನಂಜುಂಡನ್ ಟೈಪ್‌ರೈಟರಿಗೆ ಮುಸುಕು ಹಾಕಿ ಆ ದಿನ ಮೂರು ಗಂಟೆಗೇ ಎದ್ದ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಎರಡು ಸೋಲೂರು ಬಸ್ಸನ್ನು ಹೋಗಲು ಬಿಟ್ಟ. ಈ ಇಪ್ಪತ್ತಾರು ವರ್ಷದಲ್ಲಿ ಹೇಳತೀರದ ಕಷ್ಟ ಎಂಬ ಆ ಮಾತನ್ನು ಎಷ್ಟು ಜನರಿಗೆ ಬರೆದುಕೊಟ್ಟಿರಬಹುದು ಎಂದು ನೆನೆಯಲು ಹೊರಟು, ಹೆದರಿ ಬಿಟ್ಟುಬಿಟ್ಟ. ಅವರೆಲ್ಲರ ಅರ್ಜಿ ಏನಾಯಿತೋ ಅವನು ಎಂದೂ ಕೇಳಿರಲಿಲ್ಲ. ಕೇಳುವುದು ಟೈಪಿಸ್ಟನ ಕೆಲಸವಲ್ಲ ಎಂದುಕೊಂಡಿದ್ದ.

ಮನೆಯಲ್ಲಿ ತಟ್ಟೆಯ ಅನ್ನ ಮುಟ್ಟದೆ ಕೂತವನನ್ನು ಕಂಡು ಕಮಲಂ ಬಡಗರ ಮಾತಿನಲ್ಲಿ ಕೇಳಿದಳು: "ಕೂ ತಿನ್ನದೆ ಏನ ಕೂತಿದ್ದೀರಿ? ಏನ ಆತು?"

ಅವನು ಹೇಳಿದ. ಮದುವೆಯಾಗಿ ಮೂವತ್ಮೂರು ವರ್ಷದಲ್ಲಿ ಕೆಲಸದ ಒಂದು ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಹೇಳಿದ್ದು ಅದೇ ಮೊದಲು. ಕಮಲಂ ನಡುವೆ ಬಾಯಿ ಹಾಕದೆ ಕೇಳಿದಳು.

"ನಾನು ತಪ್ಪು ಬರೆದಿಲ್ಲ" ಎಂದ ಕೊನೆಗೆ. "ಆ ಜಾಗಕ್ಕೆ ಅದೇ ಸರಿಯಾದ ಮಾತು."

"ಸರಿಯಾದ ಮಾತಿಗೆ ಆ ಹೆಣ್ಣು ಪುಳ್ಳೆ ಸೀಟು ಹೋಯ್ತು" ಎಂದಳು ಕಮಲಂ. "ಹೋಗಿ ಹೇಳಿ ಬನ್ನಿ."

"ಹೇಳಿ ಏನು ಬಂತು? ಸೀಟು ಹೋಗಿ ಮೂರು ತಿಂಗಳಾಯ್ತು."

"ಅವಳು ನಿಮ್ಮ ಮುಂದೆ ಹೇಳ್ಲಿಲ್ಲವಾ? ನಿಮಗೆ ಬಾಯಿಲ್ಲವಾ?"

ಅವಳ ಮಾತು ಸರಿ ಎಂದು ನಂಜುಂಡನ್‌ಗೂ ಗೊತ್ತಿತ್ತು. ಆದರೂ ಒಂದು ವಾರ ಹೋಗಲಿಲ್ಲ. ಮಂಡಿ ನೋವು ಎಂದ, ಚಳಿ ಎಂದ, ತೋಟದಲ್ಲಿ ಎಲೆ ಕೊಯ್ಯಬೇಕು ಎಂದ. ಮನುಷ್ಯನಿಗೆ ಬೇಡದ ಕೆಲಸವಿದ್ದಾಗ ಕಾರಣಗಳಿಗೇನು ಬರ. ದಿನವೂ ಬೆಳಗ್ಗೆ ಮೇಜು ಬಿಡಿಸಿ ಕೂರುವಾಗ ಯಾರಾದರೂ ಬಂದು ಕಷ್ಟ ಹೇಳಿದರೆ ಬೆರಳು ಮೊದಲಿನ ಹಾಗೆ ಓಡುತ್ತಿರಲಿಲ್ಲ. ಒಬ್ಬ ಮುದುಕಿಯನ್ನು ನಾಲ್ಕು ಸಲ ಅದೇ ಪ್ರಶ್ನೆ ಕೇಳಿ ಸಿಟ್ಟಿಗೆಬ್ಬಿಸಿದ. ಎಂಟನೇ ದಿನ ಸೋಲೂರು ಬಸ್ಸಿನಿಂದಿಳಿದು ಇಳಿಜಾರಿನ ತನ್ನ ಜಾಗಕ್ಕೆ ಹೋಗದೆ ಮಸಿನಗುಡಿ ಬಸ್ಸು ಹತ್ತಿದ.

ಘಾಟು ಇಳಿಯುತ್ತಾ ಚಳಿ ಕಡಿಮೆಯಾಗಿ ಸ್ವೆಟರಿನೊಳಗೆ ಬೆವರಿತು. ಕಿಟಕಿಯ ಹೊರಗೆ ಟೀ ತೋಟ ಮುಗಿದು ಮುಳ್ಳುಕಾಡು ಬಂತು. ದಾರಿಯುದ್ದಕ್ಕೂ ಹೇಗೆ ಶುರುಮಾಡಲಿ ಎಂದು ಯೋಚಿಸಿದ. ವಿಷಾದದಿಂದ ತಿಳಿಸುತ್ತೇನೆ, ಅನಿವಾರ್ಯ ಕಾರಣಗಳಿಂದ, ಈ ರೀತಿಯ ಮಾತುಗಳೇ ಸಾಲಾಗಿ ಬಂದು ನಿಂತವು. ಒಂದನ್ನೂ ಕೇತಿಯ ಮುಖ ನೋಡಿ ಹೇಳಲಾಗದು ಎನ್ನುವುದು ಅವನಿಗೇ ಗೊತ್ತಿತ್ತು. ಮಸಿನಗುಡಿಯಲ್ಲಿ ಇಳಿದು, ದಾರಿ ಕೇಳಿಕೊಂಡು, ಎರಡು ಮೈಲಿಯನ್ನು ಒಂದೂವರೆ ಗಂಟೆಯಲ್ಲಿ ನಡೆದ. ದಾರಿಯಲ್ಲಿ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು, ಆದರೆ ಅವನಿಗೆ ಆನೆಯ ಹೆದರಿಕೆ ಆ ದಿನ ಆಗಲಿಲ್ಲ.

ಕೇತಿ ಮನೆಯ ಮುಂದೆ ಸೌದೆ ಸೀಳುತ್ತಿದ್ದಳು. ಗುರುತು ಹಿಡಿದು ಕತ್ತಿ ಕೆಳಗಿಟ್ಟಳು.

"ಗೌಡ್ರೆ. ಇಷ್ಟು ದೂರ ಬಂದಿರಾ? ಕೂರಿ. ನೀರು ತರ್ತೀನಿ."

"ಬೇಡ, ಮೊದಲು ಕೇಳು" ಎಂದ ನಂಜುಂಡನ್. ನಿಂತೇ ಇದ್ದ. "ಅರ್ಜಿ ಬಿದ್ದುಹೋಗಿದ್ದು ನನ್ನಿಂದ ಕೇತಿ. ನೀ ಹೇಳಿದ್ದನ್ನ ನಾ ಬರೀಲಿಲ್ಲ."

"ಯಾವುದನ್ನ?"

"ಗೂಡಲೂರು ಮನೆ ವಿಷಯ. ಒಂದಕ್ಷರಾನೂ ಹಾಕ್ಲಿಲ್ಲ. ನಿನ್ನ ಮಾನಕ್ಕೆ ಕೇಡು ಅಂತ ಬಿಟ್ಟೆ. ಕಷ್ಟ ಇತ್ತು ಅಂತ ಮಾತ್ರ ಬರೆದೆ. ಕಾರಣ ಇಲ್ಲ ಅಂತ ತಳ್ಳಿಬಿಟ್ರು. ನೀ ಹೇಳಿದ ಹಾಗೆ ಬರೆದಿದ್ರೆ ಕರೆದು ಕೇಳ್ತಿದ್ರು."

ಕೇತಿ ಅವನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಅವನಿಗೆ ಸ್ವಲ್ಪ ಸುಲಭವಾಗುತ್ತಿತ್ತು.

"ಹಂಗಾದ್ರೆ ಆ ಆಫೀಸರು ಅದನ್ನ ಓದ್ಲಿಲ್ವಾ?" ಎಂದಳು.

"ಇಲ್ಲ."

"ಮಗಳ್ನ ಕೆಲಸಕ್ಕೆ ಕೊಟ್ಟೋಳು ಅಂತ ಅವರಿಗೆ ಗೊತ್ತೇ ಇಲ್ವಾ?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅವಳು ಸೌದೆಯ ರಾಶಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

"ಓದಿ ಬೇಡ ಅಂದ್ರು ಅಂದ್ಕೊಂಡಿದ್ದೆ" ಎಂದಳು. "ಇಂಥ ತಾಯಿ ಮಗಳಿಗೆ ಯಾಕೆ ಕೊಡೋದು ಅಂತ ತಳ್ಳಿದ್ರು ಅಂದ್ಕೊಂಡೆ. ನಾನು ಮಾಡಿದ್ದಕ್ಕೆ ಅವಳ ಸೀಟು ಹೋಯ್ತು ಅಂತ. ಅವತ್ತಿಂದ ನಾನು ಅವಳ ಮುಖ ನೋಡಿ ಮಾತಾಡಿಲ್ಲ ಗೌಡ್ರೆ."

ನಂಜುಂಡನ್‌ಗೆ ನಾಚಿಕೆಯಾಯಿತು. ಸೀಟು ಹೋದದ್ದಕ್ಕೆ ಮಾತ್ರ ತಾನು ಉತ್ತರ ಹೇಳಬೇಕಾದದ್ದು ಎಂದುಕೊಂಡು ಅವನು ಘಾಟು ಇಳಿದಿದ್ದ. ಮುಚ್ಚಿಟ್ಟು ಉಳಿಸಿದೆ ಎಂದುಕೊಂಡ ಮಾನವನ್ನು ಅವಳು ಇಷ್ಟು ತಿಂಗಳು ಕಳೆದುಕೊಂಡೇ ಬದುಕಿದ್ದಳು. ಅವನ ಎರಡು ಪದಗಳು ಅವಳಿಗೆ ಹೊದಿಕೆಯಾಗುವ ಬದಲು ಹೊರೆಯಾಗಿದ್ದವು.

"ಅದನ್ನ ಬಾಯಿಬಿಟ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತು ನನಗೆ" ಎಂದಳು ಕೇತಿ. ದನಿ ಏರಲಿಲ್ಲ. "ನೀವು ಮಡಚಿ ಇಟ್ಟುಬಿಟ್ರಿ."

"ಹೌದು" ಎಂದ ನಂಜುಂಡನ್.

ಅಷ್ಟರಲ್ಲಿ ಸತ್ಯಾ ಕೆಲಸ ಮುಗಿಸಿ ಬಂದಳು. ಮಸಿನಗುಡಿ ರಸ್ತೆಯ ಒಂದು ಟೂರಿಸ್ಟ್ ಲಾಡ್ಜಿನಲ್ಲಿ ಹಾಸಿಗೆ ಬದಲಾಯಿಸುವ ಕೆಲಸ ಹಿಡಿದಿದ್ದಳು. ಮೈಮೇಲೆ ಲಾಡ್ಜಿನ ಕಂದು ಬಣ್ಣದ ಅಂಗಿ. ಏನೆಂದು ಕೇಳಿದಳು. ಹೇಳಬೇಕಾದವನು ತಾನೇ ಎಂದು ನಂಜುಂಡನ್ ಎರಡನೇ ಸಲ ಹೇಳಿದ. ಎರಡನೇ ಸಲವೂ ಸುಲಭವಾಗಲಿಲ್ಲ. ಸತ್ಯಾ ಗೋಡೆಗೆ ಕೈಯಿಟ್ಟು ನಿಂತು ಕೇಳಿದಳು.

"ಮುಂದಿನ ವರ್ಷಕ್ಕೆ ಮತ್ತೆ ಹಾಕಬಹುದು" ಎಂದ. "ವಯಸ್ಸು ಮೀರಿಲ್ಲ. ಈಗಲೇ ಅರ್ಜಿ ಕೊಟ್ಟರೆ ಪ್ರಮಾಣಪತ್ರ ಕೈಗೆ ಬಂದಿರುತ್ತೆ. ಸೀಟು ಸಿಗುತ್ತೋ ಇಲ್ವೋ ನಾ ಹೇಳಲಾರೆ. ತಮಿಳಲ್ಲೇ ಬರೆಯೋಣ. ಓದಿ ನೋಡಿ ನೀನೇ ಸಹಿ ಹಾಕು." ಚೀಲದಿಂದ ಕಾಗದ ಪೆನ್ನು ತೆಗೆದ. "ಕೇತಿ, ಇನ್ನೊಂದು ಸಲ ಹೇಳಮ್ಮ. ಈ ಸಲ ಪೂರ್ತಿ ಬರೀತೀನಿ."

ಕೇತಿ ಬಾಯಿ ತೆರೆದಳು. "ಇವಳಪ್ಪ ಕಾಳ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಮತ್ತೆ ಶುರುಮಾಡಲು ನೋಡಿದಳು, ಆಗಲಿಲ್ಲ. ಒಂದು ಸಲಕ್ಕೆ ಸಾಕಾಗುವಷ್ಟೇ ಅವಳಲ್ಲಿ ಇದ್ದದ್ದು, ಅದನ್ನು ಜೂನ್‌ನಲ್ಲೇ ಖರ್ಚು ಮಾಡಿದ್ದಳು.

"ಅಮ್ಮ ಹೇಳೋದು ಬೇಡ" ಎಂದಳು ಸತ್ಯಾ. ಬಂದು ಅಮ್ಮನ ಪಕ್ಕ ಸೌದೆಯ ಮೇಲೆ ಕೂತಳು. "ಅಲ್ಲಿದ್ದದ್ದು ನಾನಲ್ವಾ. ನಾನು ಹೇಳ್ತೀನಿ. ಬರ್ಕೊಳ್ಳಿ ಅಯ್ಯಾ."

ನಂಜುಂಡನ್ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡ.

"ಮೊದಲನೇ ದಿನ ರಾತ್ರಿ ನಾನು ಬಾಗಿಲಿಗೆ ಒತ್ಕೊಂಡು ಮಲಗಿದೆ" ಎಂದಳು ಅವಳು. "ಅದು ದೊಡ್ಡ ಮನೆ. ಅಮ್ಮ ಬಂದು ಬಾಗಿಲು ತಟ್ಟಿದ್ರೆ ಒಳಗಿನೋರಿಗೆ ಕೇಳಿಸೋದಿಲ್ಲ, ನನಗಾದ್ರೂ ಕೇಳಿಸ್ಲಿ ಅಂತ. ಅವರು ಚಾಪೆ ಒಳಗೆ ಹಾಕ್ಕೊಟ್ರೂ ನಾನು ಹೋಗ್ಲಿಲ್ಲ. ಎರಡು ವರ್ಷಾನೂ ಅಲ್ಲೇ ಮಲಗಿದೆ."

ಕೇತಿ ಮಗಳ ಕಡೆ ತಿರುಗಿ ಅವಳ ಮುಖ ನೋಡಿದಳು. ನಂಜುಂಡನ್ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಆಮೇಲೆ ಏನಾಯಿತು ಎಂದು ಕೇಳಿದ.